ಸ್ಕೌಟ್ಸ್ ಮತ್ತು ಗೈಡ್ಸ್: ಮಗುವನ್ನು ಸೇರಿಸುವ ಮೊದಲು ಪ್ಯಾಟ್ರೋಲ್ ಹೇಗಿದೆ ನೋಡಿ

ಮಕ್ಕಳಲ್ಲಿ ನಾಯಕತ್ವ ಬೆಳೆಸುತ್ತೇವೆ ಎನ್ನುವ ತರಗತಿಗಳಿಗೆ ಈಗ ಯಾವ ಊರಲ್ಲೂ ಬರವಿಲ್ಲ. ಬೇಸಿಗೆ ಶಿಬಿರ, ವ್ಯಕ್ತಿತ್ವ ವಿಕಸನ ಕಾರ್ಯಾಗಾರ, ವಾರಾಂತ್ಯದ ಭಾಷಣ ಕಲೆ, ಹೀಗೆ ಬಗೆಬಗೆಯವು ಇವೆ. ಇವುಗಳಲ್ಲಿ ಹೆಚ್ಚಿನವು ಕಲಿಸುವುದು ಮೈಕ್ ಹಿಡಿದು ಅಳುಕದೆ ಮಾತಾಡುವುದನ್ನು. ಅದೂ ಬೇಕಾದ ವಿದ್ಯೆಯೇ. ಆದರೆ ಏಳು ಜನರನ್ನು ಜೊತೆಗಿಟ್ಟುಕೊಂಡು, ಯಾರಿಗೆ ಏನು ಬರುತ್ತದೆ ಎಂದು ಅರಿತು, ಮುನಿಸಿಕೊಂಡವರನ್ನು ಸಮಾಧಾನಪಡಿಸಿ, ಕತ್ತಲಾಗುವುದರೊಳಗೆ ಒಂದು ಕೆಲಸ ಮುಗಿಸುವುದು ಬೇರೆಯೇ ವಿದ್ಯೆ. ಅದನ್ನು ಮಾತಿನಿಂದ ಕಲಿಸಲು ಬರುವುದಿಲ್ಲ. ಮಗುವಿನ ಕೈಗೆ ನಿಜವಾದ ಕೆಲಸ ಕೊಟ್ಟು, ನಿಜವಾದ ಅಧಿಕಾರ ಕೊಟ್ಟು, ಕೆಟ್ಟರೆ ಕೆಡಲಿ ಎಂದು ದೊಡ್ಡವರು ಹಿಂದೆ ಸರಿಯಬೇಕು.

ಈ ಲೆಕ್ಕದಲ್ಲಿ ನಮ್ಮ ಮಕ್ಕಳಿಗೆ ಸಿಗುವ ವ್ಯವಸ್ಥೆಗಳಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಸರಿಗಟ್ಟುವುದು ಇನ್ನೊಂದಿಲ್ಲ. ಒಂದು ಷರತ್ತು ಮಾತ್ರ ಇದೆ: ಆ ಶಾಲೆಯ ಘಟಕದಲ್ಲಿ ಪ್ಯಾಟ್ರೋಲ್ ಪದ್ಧತಿ, ಅಂದರೆ ಮಕ್ಕಳು ಚಿಕ್ಕ ಚಿಕ್ಕ ಗುಂಪುಗಳಾಗಿ ತಮ್ಮಲ್ಲೇ ಒಬ್ಬರ ಮುಂದಾಳುತನದಲ್ಲಿ ಕೆಲಸ ಮಾಡುವ ಪದ್ಧತಿ, ಜೀವಂತವಾಗಿರಬೇಕು. ಅದು ಇಲ್ಲದ ಕಡೆ ಸ್ಕೌಟಿಂಗ್ ಎಂದರೆ ಆಗಸ್ಟ್ 15 ಮತ್ತು ಜನವರಿ 26ರ ಪಥಸಂಚಲನಕ್ಕೆ ಇಸ್ತ್ರಿ ಮಾಡಿದ ಬಟ್ಟೆ, ಗಣ್ಯರು ಬಂದಾಗ ಸ್ವಾಗತದ ಸಾಲು, ಅಷ್ಟೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಒಳಗೆ ಏನಿರಬೇಕು, ಏನು ಕೆಡುತ್ತದೆ, ತಂದೆತಾಯಿ ಅದನ್ನು ಹೇಗೆ ಪತ್ತೆಹಚ್ಚಬಹುದು ಎಂಬುದನ್ನೇ ಇಲ್ಲಿ ಹೆಚ್ಚು ಬರೆಯಬೇಕಾಗಿದೆ.

ಹಿನ್ನೆಲೆ ಚುಟುಕಾಗಿ ಹೇಳುವುದಾದರೆ, 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ನಡೆಸಿದ ಮೊದಲ ಪ್ರಯೋಗ ಶಿಬಿರದಲ್ಲೇ ಹುಡುಗರನ್ನು ತೋಳ, ಗೂಳಿ, ಕರ್ಲ್ಯೂ, ರೇವನ್ ಎಂಬ ನಾಲ್ಕು ಪ್ಯಾಟ್ರೋಲ್‌ಗಳಾಗಿ ಹಂಚಿದ್ದರು. ದೊಡ್ಡ ಶಾಲೆಗಳಲ್ಲಿ ಓದುವ ಹುಡುಗರೂ ದುಡಿಮೆಗಾರರ ಮನೆಯ ಹುಡುಗರೂ ಒಂದೇ ಶಿಬಿರದಲ್ಲಿದ್ದರು. ಭಾರತಕ್ಕೆ ಈ ಚಳವಳಿ ಬಂದದ್ದು 1909ರಲ್ಲಿ, ಅದೂ ಬೆಂಗಳೂರಿಗೆ. ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಮೊದಲ ತಂಡ ಕಟ್ಟಿದರು. ಆಗ ಭಾರತೀಯ ಮಕ್ಕಳಿಗೆ ಪ್ರವೇಶವಿರಲಿಲ್ಲ. ಆನಿ ಬೆಸೆಂಟ್, ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮೊದಲಾದವರು ಬೇರೆ ಸಂಘಗಳನ್ನು ಕಟ್ಟಬೇಕಾಯಿತು. ಸ್ವಾತಂತ್ರ್ಯ ಬಂದ ಮೇಲೆ ಎಲ್ಲವೂ ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು, 1951ರ ಆಗಸ್ಟ್ 15ಕ್ಕೆ ಗೈಡ್ ಸಂಘವೂ ಸೇರಿತು. ದೊಡ್ಡಬಳ್ಳಾಪುರದ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟರ ಹೆಸರು, ಬೆಂಗಳೂರು ಅರಮನೆ ರಸ್ತೆಯ ರಾಜ್ಯ ಕಚೇರಿಯ ಸಭಾಂಗಣಕ್ಕೆ ರಾಜ್ಯದಲ್ಲಿ ಈ ಚಳವಳಿಗೆ ದುಡಿದ ಕೊಂಡಜ್ಜಿ ಬಸಪ್ಪನವರ ಹೆಸರು ಇರುವುದು ಈ ದಾರಿಯ ನೆನಪಿಗೆ.

ಇನ್ನು ಒಳಗಿನ ಜೋಡಣೆ. ಹತ್ತರೊಳಗಿನ ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಹತ್ತು ತುಂಬಿದ ಮೇಲೆ ಸ್ಕೌಟ್ ಮತ್ತು ಗೈಡ್, ಕಾಲೇಜಿನ ಹೊತ್ತಿಗೆ ರೋವರ್ ಮತ್ತು ರೇಂಜರ್. ಕಬ್ ಮಕ್ಕಳಲ್ಲಿ ಆರಾರು ಜನರ ಸಿಕ್ಸ್ ಇರುತ್ತದೆ, ಅದರ ಮುಖಂಡ ಸಿಕ್ಸರ್. ಆ ವಯಸ್ಸಿನಲ್ಲಿ ಆಟ, ಕಥೆ, ಹಾಡುಗಳದೇ ಪಾಲು ಹೆಚ್ಚು, ಹೊಣೆ ಕಡಿಮೆ. ಅದು ಹಾಗೇ ಇರಬೇಕು. ಎಂಟು ವರ್ಷದ ಮಗುವಿನ ಮೇಲೆ ಮುಂದಾಳುತನದ ಭಾರ ಹೇರಬಾರದು. ನಿಜವಾದ ಕೆಲಸ ಶುರುವಾಗುವುದು ಸ್ಕೌಟ್-ಗೈಡ್ ಹಂತದಲ್ಲಿ. ಆರರಿಂದ ಎಂಟು ಮಕ್ಕಳದು ಒಂದು ಪ್ಯಾಟ್ರೋಲ್. ಹುಡುಗರ ಪ್ಯಾಟ್ರೋಲ್‌ಗೆ ಪ್ರಾಣಿ ಪಕ್ಷಿಗಳ ಹೆಸರು, ಹುಡುಗಿಯರದಕ್ಕೆ ಹೂವಿನ ಹೆಸರು ಇಡುವುದು ರೂಢಿ. ಇಂಥ ನಾಲ್ಕು ಪ್ಯಾಟ್ರೋಲ್ ಸೇರಿದರೆ ಟ್ರೂಪ್ ತುಂಬಿತು: ಹೆಚ್ಚೆಂದರೆ 32 ಮಕ್ಕಳು.

ಈ ಎಂಟರ ಲೆಕ್ಕ ಸುಮ್ಮನೆ ಬಂದದ್ದಲ್ಲ. ಹದಿಮೂರು ವರ್ಷದ ಹುಡುಗಿ ಏಳು ಜನರ ಮುಖ, ಸ್ವಭಾವ, ಸೋಮಾರಿತನ, ಭಯ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಳ್ಳಬಲ್ಲಳು. ಹದಿನೈದಾದರೆ ಅವಳು ಕೂಗಲು ಶುರು ಮಾಡುತ್ತಾಳೆ, ಮೂವತ್ತಾದರೆ ಸೀಟಿ ಊದುತ್ತಾಳೆ. ನಾಲ್ಕೇ ಜನರಿದ್ದರೆ ಅದು ಗೆಳತಿಯರ ಗುಂಪಾಗಿ ಉಳಿದುಬಿಡುತ್ತದೆ, ಯಾರೂ ಯಾರನ್ನೂ ನಡೆಸಬೇಕಾಗಿಲ್ಲ. ಒಬ್ಬರೇ ಶಿಕ್ಷಕರಿಗೆ ಅರವತ್ತು ಎಪ್ಪತ್ತು ಮಕ್ಕಳನ್ನು ಒಪ್ಪಿಸಿ ಟ್ರೂಪ್ ಎಂದು ಕರೆಯುವ ಶಾಲೆಗಳಿವೆ. ಅಲ್ಲಿ ಶಿಕ್ಷಕರು ಎಷ್ಟೇ ಒಳ್ಳೆಯವರಾದರೂ ಕವಾಯತಿನ ಆಚೆಗೆ ಹೋಗಲಾರರು.

ಪ್ಯಾಟ್ರೋಲ್‌ನಲ್ಲಿ ಪ್ರತಿಯೊಬ್ಬರಿಗೂ ಒಂದು ಹುದ್ದೆ ಇರಬೇಕು. ಲೀಡರ್ ಮತ್ತು ಅವರ ಸಹಾಯಕರಾದ ಸೆಕೆಂಡ್ ಬಿಟ್ಟರೆ ಹಣ ನೋಡಿಕೊಳ್ಳುವ ಖಜಾಂಚಿ, ನಡೆದದ್ದನ್ನು ಬರೆಯುವ ಕಾರ್ಯದರ್ಶಿ, ಹಗ್ಗ ಪಾತ್ರೆ ಟೆಂಟು ಲೆಕ್ಕವಿಡುವ ಕ್ವಾರ್ಟರ್ ಮಾಸ್ಟರ್, ಅಡುಗೆಯವರು, ಪ್ರಥಮ ಚಿಕಿತ್ಸೆಯವರು, ಆಟ ಆಡಿಸುವವರು. ಇವು ನಾಮಕಾವಸ್ತೆ ಹುದ್ದೆಗಳಾಗಬಾರದು. ಕ್ವಾರ್ಟರ್ ಮಾಸ್ಟರ್ ಹಗ್ಗ ಎಣಿಸದೆ ಬಂದರೆ ಶಿಬಿರದಲ್ಲಿ ಹಗ್ಗ ಇರಬಾರದು. ಶಿಕ್ಷಕರು ತಮ್ಮ ಚೀಲದಿಂದ ಇನ್ನೊಂದು ತೆಗೆದುಕೊಟ್ಟರೆ ಆ ಹುದ್ದೆಗೆ ಅರ್ಥವೇ ಉಳಿಯುವುದಿಲ್ಲ. ಮಾತು ಕಡಿಮೆ ಇರುವ ಮಕ್ಕಳಿಗೆ ಕ್ವಾರ್ಟರ್ ಮಾಸ್ಟರ್ ಕೆಲಸ ತುಂಬ ಹೊಂದುತ್ತದೆ. ಯಾವ ವಸ್ತು ಎಲ್ಲಿದೆ ಎಂದು ಗೊತ್ತಿರುವುದು ಅವರಿಗೆ ಮಾತ್ರ, ಆದ್ದರಿಂದ ಎಲ್ಲರೂ ಅವರ ಹತ್ತಿರವೇ ಬರಬೇಕಾಗುತ್ತದೆ. ಮುಂದಾಳುತನಕ್ಕೆ ಜೋರು ದನಿ ಬೇಕಿಲ್ಲ ಎಂಬುದು ಮಗುವಿಗೂ ಗೊತ್ತಾಗುತ್ತದೆ, ಉಳಿದವರಿಗೂ.

ಲೀಡರ್ ಆಯ್ಕೆಯಲ್ಲಿ ಶಾಲೆಗಳು ಎಡವುವುದು ಮೂರು ಕಡೆ. ಮೊದಲನೆಯದು, ಹೆಚ್ಚು ಅಂಕ ತೆಗೆಯುವ ಮಗುವನ್ನೋ ಚೆನ್ನಾಗಿ ಭಾಷಣ ಮಾಡುವ ಮಗುವನ್ನೋ ಕೂರಿಸಿಬಿಡುವುದು. ಉಳಿದ ಏಳು ಮಕ್ಕಳು ಯಾರ ಮಾತು ಕೇಳುತ್ತಾರೆ ಎಂದು ಆಟದ ಹೊತ್ತಿನಲ್ಲಿ ನಾಲ್ಕು ವಾರ ಗಮನಿಸಿದರೆ ಸರಿಯಾದ ಮಗು ತಾನೇ ಕಾಣಿಸುತ್ತದೆ. ಟ್ರೂಪ್ ನೋಡಿಕೊಳ್ಳುವ ಶಿಕ್ಷಕರು, ಅಂದರೆ ಸ್ಕೌಟ್ ಮಾಸ್ಟರ್, ಆ ಪ್ಯಾಟ್ರೋಲ್‌ನ ಮಕ್ಕಳನ್ನೂ ಕೇಳಿಯೇ ನೇಮಿಸಬೇಕು. ಎರಡನೆಯದು, ಎಲ್ಲರಿಗೂ ಅವಕಾಶ ಸಿಗಲಿ ಎಂದು ತಿಂಗಳಿಗೊಬ್ಬ ಲೀಡರ್ ಮಾಡುವುದು. ಉದ್ದೇಶ ಒಳ್ಳೆಯದೇ, ಆದರೆ ತಿಂಗಳಲ್ಲಿ ಮಗು ಹುದ್ದೆಯ ಹೆಸರು ಕಲಿಯುತ್ತದೆ, ಕೆಲಸ ಕಲಿಯುವುದಿಲ್ಲ. ತನ್ನ ತಪ್ಪಿನ ಫಲ ತಾನೇ ಉಂಡು ತಿದ್ದಿಕೊಳ್ಳುವಷ್ಟು ಕಾಲ, ಅಂದರೆ ಕನಿಷ್ಠ ಒಂದು ಶೈಕ್ಷಣಿಕ ವರ್ಷ ಬೇಕು. ಉಳಿದವರಿಗೆ ಅವಕಾಶ ಕೊಡಲೆಂದೇ ಸೆಕೆಂಡ್ ಮತ್ತು ಇತರ ಹುದ್ದೆಗಳಿವೆ. ಮೂರನೆಯದು ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವಂಥದ್ದು: ಒಂದೇ ತರಗತಿಯ ಎಂಟು ಮಕ್ಕಳನ್ನು ಒಂದು ಪ್ಯಾಟ್ರೋಲ್ ಮಾಡುವುದು. ಟೈಂ ಟೇಬಲ್‌ಗೆ ಇದು ಅನುಕೂಲ. ಆದರೆ ಎಂಟೂ ಮಕ್ಕಳಿಗೆ ಒಂದೇ ವಯಸ್ಸು, ಒಂದೇ ತಿಳಿವಳಿಕೆ ಇದ್ದರೆ ಲೀಡರ್ ಯಾರಿಗೆ ಏನು ಕಲಿಸಬೇಕು? ಐದನೇ ತರಗತಿಯ ಇಬ್ಬರು, ಆರು ಏಳರ ನಾಲ್ವರು, ಎಂಟು ಒಂಬತ್ತರ ಇಬ್ಬರು ಸೇರಿದಾಗ ದೊಡ್ಡವರು ಚಿಕ್ಕವರಿಗೆ ಗಂಟು ಹಾಕಲು ಕಲಿಸುತ್ತಾರೆ, ಚಿಕ್ಕವರು ದೊಡ್ಡವರನ್ನು ನೋಡಿ ಮುಂದೆ ತಾವೇನಾಗಬೇಕು ಎಂದು ತಿಳಿಯುತ್ತಾರೆ. ಕಲಿಸುತ್ತ ಕಲಿಯುವುದು ಅಲ್ಲಿ ತಾನಾಗಿ ನಡೆಯುತ್ತದೆ.

ತಂದೆತಾಯಂದಿರಲ್ಲಿ ಹೆಚ್ಚಿನವರು ಕೇಳಿಯೇ ಇರದ ಒಂದು ಅಂಗ ಕೋರ್ಟ್ ಆಫ್ ಆನರ್. ಹೆಸರು ನ್ಯಾಯಾಲಯದ್ದಾದರೂ ಇದು ಟ್ರೂಪ್‌ನ ಆಡಳಿತ ಸಭೆ. ಪ್ಯಾಟ್ರೋಲ್ ಲೀಡರ್‌ಗಳು ಸದಸ್ಯರು, ಸ್ಕೌಟ್ ಮಾಸ್ಟರ್ ಅಥವಾ ಹುಡುಗಿಯರ ಘಟಕ ನೋಡಿಕೊಳ್ಳುವ ಗೈಡ್ ಕ್ಯಾಪ್ಟನ್ ಸಲಹೆಗಾರರು ಮಾತ್ರ. ತಿಂಗಳಿಗೊಮ್ಮೆ ಸೇರಿದರೂ ಸಾಕು. ಮುಂದಿನ ಹೈಕ್ (ಕಾಲ್ನಡಿಗೆಯ ಪ್ರವಾಸ) ಎಲ್ಲಿಗೆ, ಟ್ರೂಪ್ ಹಣದಲ್ಲಿ ಏನು ಕೊಳ್ಳಬೇಕು, ಮೂರು ವಾರದಿಂದ ಬಾರದ ಹುಡುಗನ ವಿಷಯ ಏನು ಮಾಡುವುದು, ಯಾರಿಗೆ ಯಾವ ಬ್ಯಾಜಿನ ಪರೀಕ್ಷೆ, ಇವೆಲ್ಲ ಅಲ್ಲಿ ತೀರ್ಮಾನವಾಗಬೇಕು. ಅದಕ್ಕೂ ಮೊದಲು ಪ್ರತಿ ಲೀಡರ್ ತನ್ನ ಪ್ಯಾಟ್ರೋಲ್‌ನ ಎಲ್ಲರನ್ನೂ ಕೂರಿಸಿ ಅವರ ಮಾತು ಕೇಳಿರಬೇಕು. ಸಭೆಯಲ್ಲಿ ತನ್ನ ಇಷ್ಟವನ್ನಲ್ಲ, ಅವರ ಮಾತನ್ನು ಮುಂದಿಡಬೇಕು. ತೀರ್ಮಾನ ತನಗೆ ವಿರುದ್ಧವಾದರೂ ವಾಪಸು ಹೋಗಿ ತನ್ನವರಿಗೆ ಒಪ್ಪಿಸಬೇಕು. ಹದಿಮೂರು ಹದಿನಾಲ್ಕರ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಪ್ರಜಾಪ್ರಭುತ್ವದ ಪಾಠ ಸಿಗುವುದು ಕಷ್ಟ. ಬಹಳ ಶಾಲೆಗಳು ಚುನಾವಣೆ ನಡೆಸಿ ಶಾಲಾ ಸಂಸತ್ತು ರಚಿಸುತ್ತವೆ. ಮತದಾನದ ದಿನ ಸಂಭ್ರಮವೂ ಇರುತ್ತದೆ. ಆದರೆ ಆರೋಗ್ಯ ಮಂತ್ರಿಗೂ ಕ್ರೀಡಾ ಮಂತ್ರಿಗೂ ಆಮೇಲೆ ತೀರ್ಮಾನಿಸಲು ಏನೂ ಉಳಿದಿರುವುದಿಲ್ಲ. ಕೋರ್ಟ್ ಆಫ್ ಆನರ್‌ಗೆ ಹಣವೂ ಇದೆ, ಸಾಮಾನೂ ಇದೆ, ಮುಂದಿನ ತಿಂಗಳ ಕಾರ್ಯಕ್ರಮವೂ ಇದೆ.

ಇದು ನಡೆಯುತ್ತದೆಯೋ ಇಲ್ಲವೋ ತಿಳಿಯಲು ಸಭೆಯ ನಡಾವಳಿ ಪುಸ್ತಕ ತೋರಿಸಿ ಎಂದು ಕೇಳಿ. ಮಕ್ಕಳ ಕೈಬರಹದಲ್ಲಿ, ಕಾಗುಣಿತದ ತಪ್ಪುಗಳೊಂದಿಗೆ, ಹಣದ ಲೆಕ್ಕದೊಂದಿಗೆ ಇದ್ದರೆ ನಿಶ್ಚಿಂತೆಯಿಂದ ಸೇರಿಸಬಹುದು. ಶಿಕ್ಷಕರ ಅಂದದ ಅಕ್ಷರದಲ್ಲಿ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಪ್ರತಿ ಪುಟದಲ್ಲೂ ಇದ್ದರೆ ಅದು ತಪಾಸಣೆಗೆ ಬರೆದದ್ದು.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಶಿಬಿರ, ಅದರಲ್ಲೂ ಶಿಬಿರದ ಅಡುಗೆ. ಪ್ರತಿ ಪ್ಯಾಟ್ರೋಲ್ ತನ್ನ ಒಲೆ ಹೂಡಿ ತನ್ನ ಊಟ ತಾನೇ ಮಾಡಿಕೊಳ್ಳುವುದು ಮೂಲ ಪದ್ಧತಿ. ಎಂಟು ಮಕ್ಕಳ ಒಂದು ಹೊತ್ತಿನ ಅನ್ನ ಸಾರಿಗೆ ಸುಮಾರು 800 ಗ್ರಾಂ ಅಕ್ಕಿ, 250 ಗ್ರಾಂ ತೊಗರಿಬೇಳೆ, ಒಂದು ಕಿಲೋದಷ್ಟು ತರಕಾರಿ ಬೇಕು. ಬೆಳಗಿನ ಉಪ್ಪಿಟ್ಟಿಗೆ 600 ಗ್ರಾಂ ರವೆ, ಅಳತೆಯಲ್ಲಿ ಅದರ ಎರಡೂವರೆ ಪಾಲು ನೀರು. ಇಷ್ಟು ಹೇಳಿಕೊಟ್ಟು ಸಾಮಾನು ಅಳೆದುಕೊಟ್ಟರೆ ಮುಂದಿನದನ್ನು ಮಕ್ಕಳಿಗೆ ಬಿಡಬೇಕು. ಮೊದಲ ದಿನ ಏನೇನು ಕೆಡುತ್ತದೆ ಎಂಬುದು ಹೆಚ್ಚುಕಡಿಮೆ ಎಲ್ಲ ಶಿಬಿರಗಳಲ್ಲೂ ಒಂದೇ. ದಪ್ಪ ಸೌದೆಗೇ ನೇರ ಬೆಂಕಿ ಹಚ್ಚಲು ಹೋಗಿ ಬರೀ ಹೊಗೆ. ಒಣ ತೆಂಗಿನ ಗರಿ, ಬೆರಳು ಗಾತ್ರದ ಪುಳ್ಳೆ, ಆಮೇಲೆ ಸೌದೆ ಎಂಬ ಕ್ರಮ ಹೊಳೆಯಲು ಅರ್ಧ ಗಂಟೆ ಹಿಡಿಯುತ್ತದೆ. ಅಕ್ಕಿಯನ್ನು ಮೊದಲು ಇಟ್ಟು ಅನ್ನವಾದ ಮೇಲೆ ಬೇಳೆ ಇಡುತ್ತಾರೆ. ಕುಕ್ಕರ್ ಇಲ್ಲದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಗಂಟೆಯ ಮೇಲಾಗುವುದರಿಂದ ಅಷ್ಟರಲ್ಲಿ ಅನ್ನ ತಣ್ಣಗಾಗಿರುತ್ತದೆ. ಬೇಳೆಯನ್ನು ಮೊದಲೇ ನೆನೆಹಾಕಿ, ಅದನ್ನೇ ಮೊದಲು ಒಲೆಗೇರಿಸಿ, ಅನ್ನವನ್ನು ಕೊನೆಗೆ ಇಡಬೇಕು. ಒಗ್ಗರಣೆ ಹಾಕುವ ಹೊತ್ತಿಗೆ ನೀರು ಮುಗಿದಿದೆ ಎಂದು ಗೊತ್ತಾಗುವುದೂ ಸಾಮಾನ್ಯ.

ಇಲ್ಲೇ ಲೀಡರ್ ರೂಪುಗೊಳ್ಳುವುದು. ಇಬ್ಬರು ಸೌದೆಗೆ, ಇಬ್ಬರು ನೀರಿಗೆ, ಇಬ್ಬರು ತರಕಾರಿ ಹೆಚ್ಚಲು, ಒಬ್ಬರು ಒಲೆಯ ಮುಂದೆ. ಎಂಟನೆಯವಳಾದ ಲೀಡರ್‌ನ ಕೈ ಖಾಲಿ ಇರಬೇಕು. ಹೊಸ ಲೀಡರ್‌ಗಳು ಒಲೆಯ ಮುಂದೆ ತಾವೇ ಕೂತು ಸೌಟು ಹಿಡಿಯುತ್ತಾರೆ, ಏಕೆಂದರೆ ಅದೇ ದೊಡ್ಡ ಕೆಲಸ ಎಂದು ಅನ್ನಿಸುತ್ತದೆ. ಸೌಟು ಹಿಡಿದವಳಿಗೆ ನೀರಿಗೆ ಹೋದವರು ಆಡುತ್ತ ಕೂತದ್ದು ಕಾಣುವುದಿಲ್ಲ, ಹೆಚ್ಚುವ ಹುಡುಗಿ ಬೆರಳು ಕುಯ್ದುಕೊಂಡದ್ದು ಕಾಣುವುದಿಲ್ಲ. ಎರಡನೇ ದಿನ ಸೌಟನ್ನು ಇನ್ನೊಬ್ಬಳಿಗೆ ಕೊಟ್ಟು ಎದ್ದು ನಿಲ್ಲುವ ಹುಡುಗಿ ಕಲಿತದ್ದನ್ನು ಯಾವ ಕಾರ್ಯಾಗಾರವೂ ಕಲಿಸಲಾರದು. ಗೈಡ್ ಕ್ಯಾಪ್ಟನ್ ಆ ಹೊತ್ತಿನಲ್ಲಿ ಬೆಂಕಿ, ಚಾಕು, ಬಿಸಿ ಪಾತ್ರೆಗಳ ಸುರಕ್ಷತೆಯ ಮೇಲೆ ಕಣ್ಣಿಟ್ಟು ಉಳಿದದ್ದಕ್ಕೆ ಬಾಯಿ ಹಾಕದೆ ಇರಬೇಕು. ಇದು ಹೇಳಿದಷ್ಟು ಸುಲಭವಲ್ಲ, ಒಳ್ಳೆಯ ತರಬೇತಿ ಬೇಕು.

ಬೇಸರದ ಸಂಗತಿ ಏನೆಂದರೆ ಈಗ ಅನೇಕ ಶಿಬಿರಗಳಲ್ಲಿ ಅಡುಗೆ ಗುತ್ತಿಗೆಯವರದು. ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಸಾವಿರಾರು ಮಕ್ಕಳು ಸೇರುವ ಜಾಂಬೂರಿಗಳಲ್ಲಿ ಅದು ಅನಿವಾರ್ಯ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಯಂಥ ಮೇಳದ ಬೆಲೆಯೇ ಬೇರೆ: ಬೇರೆ ರಾಜ್ಯ, ಬೇರೆ ದೇಶದ ಮಕ್ಕಳ ಜೊತೆ ಬೆರೆಯುವುದು. ಆದರೆ ಮೂವತ್ತು ಮಕ್ಕಳ ಶಾಲಾ ಶಿಬಿರಕ್ಕೂ ಅಡುಗೆಯವರನ್ನು ಕರೆಸಿದರೆ ಶಿಬಿರದ ಅರ್ಧ ಪ್ರಯೋಜನ ಅಲ್ಲಿಗೆ ಮುಗಿಯಿತು. 'ಕಳೆದ ಶಿಬಿರದಲ್ಲಿ ಅಡುಗೆ ಮಾಡಿದವರು ಯಾರು?' ಎಂದು ಶಾಲೆಯಲ್ಲಿ ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ಘಟಕದ ಮುಕ್ಕಾಲು ಪರಿಚಯವಾಗುತ್ತದೆ.

ಗಂಟು, ಕಟ್ಟುಗಳ ವಿಷಯವೂ ಹೀಗೆಯೇ. ರೀಫ್ ನಾಟ್, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್ ಎಲ್ಲವನ್ನೂ ಹಲಗೆಗೆ ಅಂಟಿಸಿ ಪ್ರದರ್ಶನಕ್ಕಿಡುವ ಘಟಕಗಳು ಬಹಳ. ಗಂಟು ಕಲಿಯುವುದು ಯಾವುದನ್ನಾದರೂ ಕಟ್ಟಲಿಕ್ಕೆ. ಎರಡು ಬಿದಿರನ್ನು ಅಡ್ಡಡ್ಡ ಇಟ್ಟು ಸ್ಕ್ವೇರ್ ಲ್ಯಾಶಿಂಗ್ ಹಾಕುವಾಗ ನಿಂತ ಬಿದಿರಿಗೆ ಕ್ಲೋವ್ ಹಿಚ್‌ನಿಂದ ಶುರು ಮಾಡಿ, ಮೂರು ಸುತ್ತು ಸುತ್ತಿ, ಆಮೇಲೆ ಎರಡು ಬಿದಿರಿನ ನಡುವೆ ಹಗ್ಗವನ್ನು ಎರಡು ಸುತ್ತು ಬಿಗಿದು, ಮತ್ತೆ ಕ್ಲೋವ್ ಹಿಚ್‌ನಿಂದ ಮುಗಿಸಬೇಕು. ಮಕ್ಕಳು ನಡುವಿನ ಬಿಗಿತದ ಸುತ್ತನ್ನು ಬಿಟ್ಟುಬಿಡುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಹಾಗೆ ಕಟ್ಟಿದ ಬಿದಿರಿನ ಸ್ಟ್ಯಾಂಡ್ ಮೇಲೆ ತಟ್ಟೆಗಳನ್ನು ಜೋಡಿಸಿದೊಡನೆ ಅದು ನಿಧಾನವಾಗಿ ಜಾರಿ ಓರೆಯಾಗುತ್ತದೆ. ಆಗ ಪ್ಯಾಟ್ರೋಲ್ ಸೇರಿ ಯಾವ ಕಟ್ಟು ಸಡಿಲವಾಯಿತು, ಏಕೆ ಎಂದು ಹುಡುಕಿ ಬಿಚ್ಚಿ ಕಟ್ಟಬೇಕು. 'ಯಾರು ಕಟ್ಟಿದ್ದು?' ಎಂದು ಬೈಯುವ ಲೀಡರ್‌ಗೆ ಮುಂದಿನ ಸಲ ಯಾರೂ ಕಟ್ಟಲು ಬರುವುದಿಲ್ಲ. ಈ ಪಾಠವನ್ನು ಶಿಕ್ಷಕರು ಹೇಳಬೇಕಿಲ್ಲ, ಉಳಿದ ಏಳು ಮಕ್ಕಳು ಹೇಳುತ್ತಾರೆ.

ಈ ಪದ್ಧತಿಯ ಅಪಾಯವನ್ನೂ ಮುಚ್ಚಿಡಬಾರದು. ಅಧಿಕಾರ ಸಿಕ್ಕ ದೊಡ್ಡ ಹುಡುಗ ಚಿಕ್ಕವರಿಂದ ತನ್ನ ತಟ್ಟೆ ತೊಳೆಸುವುದು, ಹಾಸಿಗೆ ಸುತ್ತಿಸುವುದು, ನೀರು ತರಲು ಒಬ್ಬನನ್ನೇ ಮತ್ತೆ ಮತ್ತೆ ಅಟ್ಟುವುದು ನಡೆಯುತ್ತದೆ. ಇದಕ್ಕೆ ಔಷಧ ಪ್ಯಾಟ್ರೋಲ್ ಮೂಲೆಯಲ್ಲಿ, ಅಂದರೆ ಆ ಪ್ಯಾಟ್ರೋಲ್ ಸೇರುವ ಜಾಗದಲ್ಲಿ, ತೂಗುಹಾಕುವ ಸರದಿ ಪಟ್ಟಿ, ಅದರಲ್ಲಿ ಲೀಡರ್ ಹೆಸರೂ ಇರಬೇಕು, ಪಾತ್ರೆ ತೊಳೆಯುವ ಸಾಲಿನಲ್ಲೂ ಇರಬೇಕು. ತಪ್ಪಿದಾಗ ಸ್ಕೌಟ್ ಮಾಸ್ಟರ್ ಅವನನ್ನು ಪಕ್ಕಕ್ಕೆ ಕರೆದು ಮಾತಾಡಬೇಕು. ತನ್ನವರ ಎದುರಿಗೇ ಬೈಸಿಕೊಂಡ ಲೀಡರ್‌ನ ಮಾತನ್ನು ಮರುದಿನ ಯಾರೂ ಕೇಳುವುದಿಲ್ಲ. ಅವನು ಅದನ್ನು ದನಿ ಏರಿಸಿ ಸರಿದೂಗಿಸಲು ಹೋಗುತ್ತಾನೆ, ಅಲ್ಲಿಗೆ ಪ್ಯಾಟ್ರೋಲ್ ಕೆಟ್ಟಿತು. ಹಾಗೆಯೇ ಶಿಬಿರದಲ್ಲಿ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು, ಹೆಣ್ಣುಮಕ್ಕಳ ಶಿಬಿರದಲ್ಲಿ ಗೈಡ್ ಕ್ಯಾಪ್ಟನ್ ಜೊತೆಗೆ ಇನ್ನೊಬ್ಬ ಮಹಿಳೆ ರಾತ್ರಿಯೂ ಉಳಿಯಬೇಕು. ಇದನ್ನು ಕೇಳಲು ತಂದೆತಾಯಿ ಸಂಕೋಚಪಡಬಾರದು.

ಎಲ್ಲವೂ ಕೊನೆಗೆ ನಿಲ್ಲುವುದು ಆ ಶಿಕ್ಷಕರ ಮೇಲೆ. ಅವರಿಗೆ ಬೇಸಿಕ್ ಕೋರ್ಸ್, ಅಡ್ವಾನ್ಸ್ಡ್ ಕೋರ್ಸ್, ಆಮೇಲೆ ಹಿಮಾಲಯ ವುಡ್ ಬ್ಯಾಜ್ ಎಂಬ ಹಂತಗಳಿವೆ. ಈ ತರಬೇತಿಗಳ ವಿಶೇಷವೆಂದರೆ ಅಲ್ಲಿ ಶಿಕ್ಷಕರನ್ನೇ ಪ್ಯಾಟ್ರೋಲ್‌ಗಳಾಗಿ ಮಾಡಿ ಅಡುಗೆ, ಟೆಂಟು, ಕೋರ್ಟ್ ಆಫ್ ಆನರ್ ಎಲ್ಲವನ್ನೂ ಮಾಡಿಸುತ್ತಾರೆ. ಬೇಸಿಕ್ ಕೂಡ ಆಗದ, ಮುಖ್ಯೋಪಾಧ್ಯಾಯರು ಹೇಳಿದರೆಂದು ಹೊಣೆ ಹೊತ್ತ ಶಿಕ್ಷಕರಿಂದ ಪ್ಯಾಟ್ರೋಲ್ ಪದ್ಧತಿ ನಿರೀಕ್ಷಿಸುವುದು ಅವರಿಗೇ ಮಾಡುವ ಅನ್ಯಾಯ. ತರಬೇತಾದ ಶಿಕ್ಷಕರು ವರ್ಗವಾಗಿ ಹೋದ ಮೇಲೆ ಘಟಕ ಎರಡೇ ವರ್ಷದಲ್ಲಿ ಕರಗುವುದು ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯ. ಇಬ್ಬರಿಗೆ ತರಬೇತಿ ಕೊಡಿಸಿಟ್ಟ ಶಾಲೆಯೇ ಜಾಣ ಶಾಲೆ.

ಮಗುವಿನ ಹಂತಗಳು ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಒಂದರಿಂದ ಇನ್ನೊಂದಕ್ಕೆ ಇಂತಿಷ್ಟು ತಿಂಗಳು ಕೆಲಸ ಮಾಡಿರಬೇಕೆಂಬ ನಿಯಮವಿರುವುದರಿಂದ ಕೊನೆ ಮುಟ್ಟಲು ವರ್ಷಗಳೇ ಬೇಕು. ಎಂಟನೇ ತರಗತಿಯಲ್ಲಿ ಸೇರಿದ ಮಗುವಿಗೆ ಎಸ್ಸೆಸ್ಸೆಲ್ಸಿ ಅಡ್ಡ ಬರುತ್ತದೆ, ಐದರಲ್ಲಿ ಸೇರಿದವರಿಗೆ ಆತುರವಿಲ್ಲ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಗೈಡ್ಸ್ ಕೋಟಾ ಇದೆ, ವೃತ್ತಿ ಕೋರ್ಸುಗಳ ಪ್ರವೇಶದಲ್ಲೂ ವಿಶೇಷ ವರ್ಗವಿದೆ. ಇದು ಒಳ್ಳೆಯದೇ. ಆದರೆ ಪ್ರಮಾಣಪತ್ರದ ಬೆಲೆ ಏರಿದಷ್ಟೂ ಪರೀಕ್ಷೆಗೆಂದೇ ತಯಾರು ಮಾಡುವ ಅಭ್ಯಾಸ ಬೆಳೆಯುತ್ತದೆ. ಪ್ರಶ್ನೋತ್ತರ ಬಾಯಿಪಾಠ, ಮನೆಯವರು ಬರೆದುಕೊಟ್ಟ ಲಾಗ್ ಬುಕ್, ಒಂದೊಂದು ಕೌಶಲಕ್ಕೆ ಕೊಡುವ ದಕ್ಷತಾ ಬ್ಯಾಜು ಒಂದೇ ವಾರದಲ್ಲಿ ಅರ್ಧ ಡಜನ್. ಹಾಗೆ ಪಡೆದ ರಾಜ್ಯ ಪುರಸ್ಕಾರ ಅರ್ಜಿಗೆ ಒದಗಬಹುದು, ಮಗುವಿಗೆ ಒದಗುವುದಿಲ್ಲ. ತೃತೀಯ ಸೋಪಾನದಲ್ಲೇ ನಿಂತರೂ ಎರಡು ವರ್ಷ ಪ್ಯಾಟ್ರೋಲ್ ನಡೆಸಿದ ಹುಡುಗನನ್ನು ನಾನು ಹೆಚ್ಚು ನಂಬುತ್ತೇನೆ.

ಬೇರೆ ವ್ಯವಸ್ಥೆಗಳ ಜೊತೆ ಹೋಲಿಸಿದರೆ, ಎನ್‌ಸಿಸಿ ಜೂನಿಯರ್ ವಿಭಾಗ ಶುರುವಾಗುವುದೇ ಪ್ರೌಢಶಾಲೆಯಲ್ಲಿ. ಶಿಸ್ತು, ದೇಹದಾರ್ಢ್ಯ, ಕವಾಯತುಗಳಲ್ಲಿ ಅದು ಮೇಲು. ಆದರೆ ಅಲ್ಲಿ ಆದೇಶ ಮೇಲಿನಿಂದ ಬರುತ್ತದೆ, ಅದನ್ನು ಚೆನ್ನಾಗಿ ಪಾಲಿಸುವುದೇ ಮುಖ್ಯ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಸೇವಾದಳದ ಪರಂಪರೆಯ ಭಾರತ ಸೇವಾದಳ ನಮ್ಮ ಶಾಲೆಗಳಲ್ಲಿ ಇಂದಿಗೂ ಇದೆ. ರಾಷ್ಟ್ರಗೀತೆ, ಧ್ವಜದ ನಿಯಮ, ಸಾಮೂಹಿಕ ವ್ಯಾಯಾಮಕ್ಕೆ ಒಳ್ಳೆಯದು, ಚಿಕ್ಕ ಗುಂಪಿನ ಹೊಣೆಗಾರಿಕೆ ಅದರ ಮುಖ್ಯ ಗುರಿಯಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೆ ಅಲ್ಲಿನ ಸ್ಕೌಟಿಂಗ್‌ನಲ್ಲೂ ಇದೇ ಪ್ಯಾಟ್ರೋಲ್ ಸಿಗುತ್ತದೆ. ಅಲ್ಲಿನ ಅತ್ಯುನ್ನತ ಹಂತವಾದ ಈಗಲ್ ಸ್ಕೌಟ್ ಆಗಲು 21 ಮೆರಿಟ್ ಬ್ಯಾಜುಗಳ ಜೊತೆ ಒಂದು ಸೇವಾ ಯೋಜನೆಯನ್ನು ತಾನೇ ರೂಪಿಸಿ, ಬೇರೆಯವರನ್ನು ಸೇರಿಸಿ ನಡೆಸಿ ತೋರಿಸಬೇಕೆಂಬ ಅವರ ನಿಯಮ ಮೆಚ್ಚುವಂಥದ್ದು. ನಮ್ಮ ಉನ್ನತ ಹಂತಗಳಲ್ಲಿ ಲಿಖಿತ, ಮೌಖಿಕ ಪರೀಕ್ಷೆಗಳ ತೂಕ ಇಳಿಸಿ ಇಂಥದ್ದಕ್ಕೆ ಹೆಚ್ಚು ಜಾಗ ಕೊಟ್ಟರೆ ಚೆನ್ನ.

ಖರ್ಚಿನ ಮಾತು. ಸದಸ್ಯತ್ವ ಶುಲ್ಕ ಯಾವ ಮನೆಗೂ ಭಾರವಾಗದಷ್ಟು. ಹಣ ಹೋಗುವುದು ಸಮವಸ್ತ್ರಕ್ಕೆ ಮತ್ತು ಶಿಬಿರಕ್ಕೆ. ಸ್ಕೌಟ್‌ಗೆ ಬೂದು ಬಣ್ಣದ ಅಂಗಿ, ಕಡುನೀಲಿ ಚಡ್ಡಿ ಅಥವಾ ಪ್ಯಾಂಟು, ಗೈಡ್‌ಗೆ ತಿಳಿನೀಲಿ ಉಡುಪು, ಇಬ್ಬರಿಗೂ ಕೊರಳಲ್ಲಿ ಸ್ಕಾರ್ಫ್. ಬೆಳೆಯುವ ಮಕ್ಕಳಿಗೆ ಒಂದು ಅಳತೆ ದೊಡ್ಡದೇ ಹೊಲಿಸಿ. ಸ್ಕಾರ್ಫನ್ನು ಮಾತ್ರ ತೆಳು ಬಟ್ಟೆಯ ಚಿಕ್ಕದನ್ನು ಕೊಳ್ಳಬೇಡಿ. ತ್ರಿಕೋನ ಬ್ಯಾಂಡೇಜಾಗಿ ಮುರಿದ ಕೈಗೆ ಜೋಳಿಗೆ ಕಟ್ಟುವಷ್ಟು ಅಗಲ, ಗಟ್ಟಿತನ ಅದಕ್ಕಿರಬೇಕು. ಪ್ರವೇಶ ಹಂತ ಮುಗಿಸಿ ದೀಕ್ಷೆ ಪಡೆಯುವ ತನಕ ಪೂರ್ತಿ ಸಮವಸ್ತ್ರಕ್ಕೆ ಅವಸರ ಮಾಡದಿದ್ದರೂ ನಡೆಯುತ್ತದೆ. ಅಷ್ಟರೊಳಗೆ ಮಗುವಿಗೆ ಇಷ್ಟವಿದೆಯೋ ಇಲ್ಲವೋ ಗೊತ್ತಾಗಿರುತ್ತದೆ.

ಮನೆಯವರು ಕೆಡಿಸುವುದು ಚೀಲ ತುಂಬುವ ವಿಷಯದಲ್ಲಿ. ಶಿಬಿರದ ಹಿಂದಿನ ರಾತ್ರಿ ಅಮ್ಮ ಎಲ್ಲವನ್ನೂ ಮಡಿಚಿ ಜೋಡಿಸಿ ಕೊಟ್ಟರೆ ಅಲ್ಲಿ ಮಗುವಿಗೆ ತನ್ನ ಟಾರ್ಚ್ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ತಟ್ಟೆ, ಲೋಟ, ಮೂರು ಮೀಟರ್ ಹಗ್ಗ, ಟಾರ್ಚ್, ಹೊದಿಕೆ, ಎರಡು ಜೊತೆ ಬಟ್ಟೆ, ಸೋಪು, ನೋಟ್ ಪುಸ್ತಕ ಎಂದು ಪಟ್ಟಿಯನ್ನು ಮಗುವೇ ಬರೆದು, ತಾನೇ ತುಂಬಿ, ತಾನೇ ಹೊತ್ತು ನೋಡಲಿ. ಭಾರವಾದರೆ ಏನು ತೆಗೆಯಬೇಕೆಂದು ತಾನೇ ಯೋಚಿಸಲಿ. ನಿತ್ಯ ತೆಗೆದುಕೊಳ್ಳುವ ಔಷಧಿ ಇದ್ದರೆ ಅದನ್ನು ಮಾತ್ರ ಚೀಟಿಯೊಂದಿಗೆ ಶಿಕ್ಷಕರ ಕೈಗೆ ನೀವೇ ಕೊಡಿ. ಶಿಬಿರದ ಮೊದಲ ಸಂಜೆ ಫೋನ್ ಮಾಡಿ 'ಊಟ ಆಯ್ತಾ ಕಂದ?' ಎಂದು ಕೇಳುವ ಆಸೆಯನ್ನು ತಡೆದುಕೊಳ್ಳಿ. ಆ ಹೊತ್ತಿಗೆ ಬೇಳೆ ಇನ್ನೂ ಬೆಂದಿರುವುದಿಲ್ಲ, ಒಲೆಯ ಮುಂದಿರುವ ಮಗುವಿಗೆ ಅಮ್ಮನ ದನಿ ಕೇಳಿದೊಡನೆ ಅಳು ಬರುತ್ತದೆ.

ಸೇರಿಸುವ ಮೊದಲು ವಾರದ ಸಭೆಗೆ ಒಮ್ಮೆ ಹೋಗಿ ಮೈದಾನದ ಅಂಚಿನಲ್ಲಿ ಕೂತು ನೋಡಿ. ಧ್ವಜ, ಪ್ರಾರ್ಥನೆ, ತಪಾಸಣೆ, ಆಟ, ಪ್ಯಾಟ್ರೋಲ್ ಮೂಲೆಗಳು, ಕಲಿಕೆ, ಹಾಡು ಎಂದು ಒಂದೂವರೆ ಗಂಟೆಯ ಕ್ರಮವಿರುತ್ತದೆ. ಮಕ್ಕಳು ಪ್ಯಾಟ್ರೋಲ್ ಮೂಲೆಗಳಿಗೆ ಹಂಚಿಹೋದ ಹೊತ್ತಿನಲ್ಲಿ ಶಿಕ್ಷಕರು ಎಲ್ಲಿದ್ದಾರೆ, ಯಾರ ದನಿ ಕೇಳುತ್ತಿದೆ ಎಂದು ಗಮನಿಸಿ. ಚಿಕ್ಕ ಮಗುವೊಂದನ್ನು ಕರೆದು 'ನಿನ್ನ ಪ್ಯಾಟ್ರೋಲ್‌ನಲ್ಲಿ ನಿನ್ನ ಕೆಲಸ ಏನು ಪುಟ್ಟಾ?' ಎಂದು ಕೇಳಿ. ಥಟ್ಟನೆ ಉತ್ತರ ಬಂದರೆ ಅರ್ಜಿ ತುಂಬಿ. ಶಾಲೆಯಲ್ಲಿ ಘಟಕವೇ ಇಲ್ಲದಿದ್ದರೆ ಅಥವಾ ಇದ್ದೂ ಇಲ್ಲದಂತಿದ್ದರೆ, ಶಾಲೆಗೆ ಅಂಟಿಕೊಳ್ಳದ ಮುಕ್ತ ಘಟಕಗಳೂ ಇವೆ. ನಿಮ್ಮ ಜಿಲ್ಲೆಯ ಸ್ಕೌಟ್ಸ್ ಗೈಡ್ಸ್ ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಿದರೆ ಹತ್ತಿರದ್ದು ಯಾವುದು, ಅದನ್ನು ನಡೆಸುವವರ ತರಬೇತಿ ಎಷ್ಟರ ಮಟ್ಟಿಗೆ ಆಗಿದೆ ಎಂದು ತಿಳಿಸುತ್ತಾರೆ. ಜೂನ್‌ನಲ್ಲೇ ಕೇಳಿ, ಏಕೆಂದರೆ ಹೊಸ ಪ್ಯಾಟ್ರೋಲ್‌ಗಳು ರೂಪುಗೊಳ್ಳುವುದು ಆಗ, ನಡುವೆ ಬಂದ ಮಗುವಿಗೆ ಹುದ್ದೆಗಳೆಲ್ಲ ಹಂಚಿಹೋಗಿರುತ್ತವೆ.